ಫಾದರ್ ಮುಂದೆ ಪಾಪನಿವೇದನೆ: ಏಕೆ, ಹೇಗೆ?

ಈಸ್ಟರ್ ಹತ್ತಿರ ಬಂತೆಂದರೆ ಬೆಳಗಾವಿಯ ಚರ್ಚುಗಳಲ್ಲಿ ಪಾಪನಿವೇದನೆಗೆ ಸಾಲು ಬೆಳೆಯುತ್ತದೆ. ನೋಡಿದವರು ಕೇಳುತ್ತಾರೆ: ದೇವರಿಗೆ ಎಲ್ಲ ಗೊತ್ತಲ್ವಾ, ನಡುವೆ ಫಾದರ್ ಯಾಕೆ?

ಕ್ಯಾಥೊಲಿಕರ ನಂಬಿಕೆಯಲ್ಲೂ ಕ್ಷಮಿಸುವವನು ದೇವರೇ. ಆದರೆ ಪುನರುತ್ಥಾನವಾದ ಯೇಸು ಪಾಪ ಕ್ಷಮಿಸುವ ಅಧಿಕಾರವನ್ನು ಶಿಷ್ಯರಿಗೆ ಕೊಟ್ಟ ಪ್ರಸಂಗ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಅದೇ ಅಧಿಕಾರ ಇಂದಿನ ಬಿಷಪರಿಗೂ ಗುರುಗಳಿಗೂ, ಅಂದರೆ ಫಾದರ್‌ಗಳಿಗೂ, ಬಂದಿದೆ ಎಂದು ಚರ್ಚ್ ಕಲಿಸುತ್ತದೆ. ಪಾಪ ಮಾಡಿದರೆ ದೇವರ ಜೊತೆಗಷ್ಟೇ ಅಲ್ಲ, ಜನರ ಜೊತೆಗಿನ ಸಂಬಂಧವೂ ಕೆಡುತ್ತದೆ. ಹಾಗಾಗಿ ಗುರು ಆ ಜನರ ಪರವಾಗಿಯೂ ಕೂತಿರುತ್ತಾರೆ. ನನಗೆ ಇನ್ನೂ ಮುಖ್ಯ ಅನಿಸುವ ಕಾರಣ ಬೇರೆ. ಮನಸ್ಸಿನಲ್ಲೇ ಹೇಳಿಕೊಂಡರೆ ನಾವೇ ವಕೀಲರು, ನಾವೇ ಜಡ್ಜ್. ಬಾಯಿಬಿಟ್ಟು ಹೇಳಿದಾಗ ನೆಪಗಳು ಕಳಚಿ ಬೀಳುತ್ತವೆ. ಕ್ಷಮೆಯ ಮಾತನ್ನು ಕಿವಿಯಾರೆ ಕೇಳುತ್ತೇವೆ.

ಮೊದಲು ಸುಮ್ನೆ ಕೂತು ಯೋಚಿಸಿ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ನೆನಪಿಸಿಕೊಂಡರೆ ಸುಲಭ. ಮಾಡಿದ್ದಕ್ಕೆ ನಿಜವಾಗಿ ನೊಂದುಕೊಳ್ಳಬೇಕು, ಮತ್ತೆ ಮಾಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಬೇಕು. ಇದಿಲ್ಲದೆ ಮುಂದಿನದಕ್ಕೆ ಅರ್ಥವಿಲ್ಲ.

ಒಳಗೆ ಹೋದ ಮೇಲೆ ಶಿಲುಬೆ ಗುರುತು ಹಾಕಿ, ಹಿಂದಿನ ಪಾಪನಿವೇದನೆ ಯಾವಾಗ ಆಯಿತೆಂದು ತಿಳಿಸಿ. ನಂತರ ಪಾಪಗಳನ್ನು ನೇರವಾಗಿ ಹೇಳಿ. ದೊಡ್ಡ ಪಾಪಗಳನ್ನು ಬೇಕೆಂದೇ ಮುಚ್ಚಿಡುವಂತಿಲ್ಲ. ಹೆಂಡತಿಯ ತಪ್ಪು, ಅಣ್ಣನ ತಪ್ಪು ಅಲ್ಲಿ ಬೇಡ. ಆಮೇಲೆ ಹೇಳುವ ಪಶ್ಚಾತ್ತಾಪದ ಪ್ರಾರ್ಥನೆ ಮರೆತರೆ ಗಾಬರಿಯಾಗಬೇಡಿ, ಫಾದರ್ ಹೇಳಿಕೊಡುತ್ತಾರೆ.

ಮಾತು ಹೊರಗೆ ಹೋಗುತ್ತದೆಂಬ ಭಯ ಜಾಸ್ತಿ ಜನರಿಗಿದೆ. ಚರ್ಚ್ ಕಾನೂನು ಇಲ್ಲಿ ಬಹಳ ಬಿಗಿ. ಕೇಳಿದ್ದನ್ನು, ಹೇಳಿದವರು ಯಾರೆಂಬುದನ್ನು ಫಾದರ್ ಯಾರಿಗೂ ಬಿಟ್ಟುಕೊಡುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರು ಆ ಕ್ಷಣವೇ ಬಹಿಷ್ಕಾರಕ್ಕೆ ಒಳಗಾಗುತ್ತಾರೆ.

ಕೊನೆಗೆ ಫಾದರ್ ಒಂದು ಪ್ರಾಯಶ್ಚಿತ್ತ ಕೊಟ್ಟು, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ಪಾಪ ಬಿಡಿಸುತ್ತಾರೆ. ಪ್ರಾಯಶ್ಚಿತ್ತ ಎಷ್ಟೋ ಸಲ ಕೆಲವು ಜಪಗಳಷ್ಟೇ ಇರುತ್ತದೆ. ಆದರೆ ಅಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಪಕ್ಕದವರ ಹೊಲದ ಬದು ಒತ್ತಿ ಉತ್ತಿದ್ದರೆ ಆ ನೆಲ ಬಿಟ್ಟುಕೊಡಬೇಕು. ಕಬ್ಬಿನ ತೂಕದಲ್ಲಿ ಮೋಸ ಮಾಡಿದ್ದರೆ ಆ ದುಡ್ಡು ರೈತನ ಕೈಗೆ ವಾಪಸ್ ಹೋಗಬೇಕು. ಒಬ್ಬರ ಹೆಸರು ಕೆಡಿಸಿದ್ದರೆ ಆದಷ್ಟು ಸರಿಪಡಿಸಬೇಕು. ಇದನ್ನೂ ಚರ್ಚ್ ಸ್ಪಷ್ಟವಾಗಿ ಕೇಳುತ್ತದೆ.

ದೊಡ್ಡ ಪಾಪಗಳಿದ್ದರೆ ವರ್ಷಕ್ಕೊಮ್ಮೆಯಾದರೂ ಹೇಳಿಕೊಳ್ಳಬೇಕೆಂಬ ನಿಯಮದ ಮೂಲ 1215ರಲ್ಲಿ ರೋಮ್‌ನಲ್ಲಿ ಬಿಷಪರು ಸೇರಿದ ಲ್ಯಾಟರನ್ ಮಹಾಸಭೆ. ಈಸ್ಟರ್‌ವರೆಗೆ ಕಾಯಬೇಕಿಲ್ಲ. ಬೆಳಗಾವಿ ಕ್ಯಾಂಪ್ ಪ್ರದೇಶದ ಫಾತಿಮಾ ಕ್ಯಾಥೆಡ್ರಲ್ ಇರಲಿ, ನಿಮ್ಮೂರ ಚರ್ಚ್ ಇರಲಿ, ಸಮಯ ಕೇಳಿಕೊಂಡು ಹೋಗಿ. ಕನ್ನಡ, ಕೊಂಕಣಿ, ಮರಾಠಿಯಲ್ಲಿ ನಿಮಗೆ ಯಾವುದು ಸಲೀಸೋ ಆ ಭಾಷೆ ಬರುವ ಫಾದರ್ ಯಾರೆಂದೂ ವಿಚಾರಿಸಿ.