ತೊಟ್ಟಿ ಮನೆಗೊಂದು ನಿಜವಾದ ನೀಲನಕ್ಷೆ

ಪ್ರಶ್ನೆಪತ್ರಿಕೆಗೂ ನೀಲನಕ್ಷೆ, ಚುನಾವಣೆ ತಂತ್ರಕ್ಕೂ ನೀಲನಕ್ಷೆ ಅಂತೀವಿ. ಆದರೆ ಚಿಕ್ಕಮಗಳೂರಿನಲ್ಲಿ ಮನೆ ಪ್ಲಾನ್ ಬರೆಯುವ ನನ್ನ ಬಳಿಯೇ ನೀಲಿ ಹಾಳೆ ಇರಲಿಲ್ಲ. ನಕ್ಷೆ ಮುದ್ರಿಸುವ ದೊಡ್ಡ ಯಂತ್ರ ಪ್ಲಾಟರ್‌ನಿಂದ ಬರುವುದು ಬಿಳಿ ಹಾಳೆ, ಕಪ್ಪು ಗೆರೆ. ಮೂಡಿಗೆರೆ ಕಡೆಯ ಒಂದು ಹಳೇ ತೊಟ್ಟಿ ಮನೆಯ ರಿಪೇರಿ ಕೆಲಸ ಬಂದಾಗ, ಅದರ ನಕ್ಷೆಯನ್ನು ಹಳೇ ವಿಧಾನದಲ್ಲೇ ತೆಗೆಯುವ ಆಸೆಯಾಯಿತು.

ಬಿಸಿಲಿನಿಂದ ನೀಲಿ ಪ್ರತಿ ತೆಗೆಯುವ, ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ ಇದು. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಬೇರೆಬೇರೆಯಾಗಿ ತಲಾ 100 ಮಿಲಿ ನೀರಿನಲ್ಲಿ ಕರಗಿಸಿಟ್ಟು, ಹಚ್ಚುವ ಹೊತ್ತಿಗೆ ಸಮಸಮ ಬೆರೆಸಬೇಕು. ಆಸಿಡ್ ಮಾತ್ರ ಹತ್ತಿರ ತರಬೇಡಿ, ವಿಷಗಾಳಿ ಏಳುತ್ತದೆ. ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಹಾಳೆಗೆ ಬ್ರಷ್‌ನಿಂದ ಹಚ್ಚಿ, ಕತ್ತಲಲ್ಲೇ ಒಣಗಿಸಿದೆ.

ಜಗಲಿ, ನಡುಮನೆ, ತೊಟ್ಟಿ, ಬಚ್ಚಲು ಎಲ್ಲವನ್ನೂ ಟ್ರೇಸಿಂಗ್ ಪೇಪರ್ ಮೇಲೆ ಕಪ್ಪು ಇಂಕಿನಲ್ಲಿ ಬರೆದಿದ್ದೆ. ಇಂಕು ಗಟ್ಟಿಯಾಗಿರಬೇಕು, ಪೆನ್ಸಿಲ್ ಗೆರೆಯಾದರೆ ಬಿಸಿಲು ನುಸುಳಿಬಿಡುತ್ತದೆ. ಅದನ್ನು ಹಾಳೆಯ ಮೇಲಿಟ್ಟು, ಗಾಜು ಒತ್ತಿ, ಕಾಫಿ ಒಣಹಾಕಿದ್ದ ಕಣದ ಅಂಚಿಗೆ ತಂದೆ. ಮಳೆಗಾಲದಲ್ಲಿ ಇಲ್ಲಿ ಇದು ಆಗದ ಕೆಲಸ. ಹಳದಿ ಹಸಿರಾಗಿದ್ದ ಹಾಳೆ ನೋಡನೋಡುತ್ತಾ ಬೂದಿ ಬಣ್ಣಕ್ಕೆ ತಿರುಗಿತು. ನೀರಿಗೆ ಅದ್ದಿದೆ. ಗೆರೆಗಳಡಿ ಉಳಿದಿದ್ದ ಹಳದಿ ತೊಳೆದುಹೋಗಿ ಬಿಳಿ ಬಂತು, ಬಿಸಿಲು ಬಿದ್ದ ಜಾಗವೆಲ್ಲ ನೀಲಿ. ಆ ಬಿಳಿ ಗೆರೆಯನ್ನು ಯಾರೂ ಎಳೆದದ್ದಲ್ಲ, ಬಿಸಿಲು ಮುಟ್ಟದೆ ಬಿಟ್ಟ ಜಾಗ ಅದು. ಒಣಗಿದಂತೆ ನೀಲಿ ಇನ್ನೂ ಗಾಢವಾಯಿತು.

ಒಣಗಿದ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಅಳತೆ ಚೂರು ಕಮ್ಮಿ! ನೆನೆದು ಒಣಗಿದ ಕಾಗದ ಕುಗ್ಗುತ್ತದಲ್ವಾ. ಸ್ಕೇಲ್ ಇಟ್ಟು ಅಳೆಯಬೇಡಿ, ಬರೆದ ಅಂಕಿಯನ್ನೇ ನೋಡಿ ಅಂತ ಪ್ಲಾನ್ ಮೇಲೆ ಬರೆಯುವುದು ಯಾಕೆ ಅಂತ ಕಣ್ಣಾರೆ ಕಂಡೆ. ಈಗಲೂ ಅದು ಬೇಕೇ ಬೇಕು. ಜೆರಾಕ್ಸ್‌ನಲ್ಲಿ ಪ್ಲಾನ್ ಚಿಕ್ಕದಾಗಿರುತ್ತದೆ, ಸೈಟಿನಲ್ಲಿ ಅದರ ಮೇಲೇ ಟೇಪ್ ಹಿಡಿಯುತ್ತಾರೆ. ಗೋಡೆ ತಪ್ಪುವುದು ಇಲ್ಲೇ.

ಮನೆಯ ಅಜ್ಜಿ ನಕ್ಷೆ ನೋಡಿ, "ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಪ್ಪಾ, ಹೊಗೆ ಜಾಸ್ತಿ" ಅಂದರು. ನೀಲಿ ಹಾಳೆ ತಿದ್ದಲು ಹಳಬರ ಉಪಾಯ ಒಂದಿದೆ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ನಿಬ್ಬು ಅದ್ದಿ ಬರೆದರೆ ನೀಲಿ ಬಿಟ್ಟು ಗೆರೆ ಬೆಳ್ಳಗಾಗುತ್ತದೆ. ಹಾಗೇ ಕಿಟಕಿ ಬರೆದೆ. ಪಕ್ಕದಲ್ಲಿ ಅದರ ಅಗಲ, ಎತ್ತರವನ್ನೂ ಅಂಕಿಯಲ್ಲಿ ಬರೆದು ಮೇಸ್ತ್ರಿಗೆ ಕೊಟ್ಟೆ.