ಕಾಫಿ ಕಣದಲ್ಲಿ ಇಪ್ಪತ್ತೈದು ಅಡಿ

ನಾನು ಫಿಸಿಯೋಥೆರಪಿಸ್ಟ್. ವಿರಾಜಪೇಟೆ ಕಡೆಯವನು. ಮನೆಗಳಿಗೇ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸದ ಅರ್ಧ ಭಾಗ. ಲಕ್ವ ಹೊಡೆದವರು, ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದವರು, ಮಂಡಿ ಆಪರೇಷನ್ ಆದವರು ಜಾಸ್ತಿ. ಮಲ್ಟಿಪಲ್ ಸ್ಕ್ಲೀರೋಸಿಸ್, ಅಂದರೆ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಎಂಎಸ್ ಕಾಯಿಲೆ ಇರುವವರು ಹನ್ನೊಂದು ವರ್ಷದಲ್ಲಿ ಸಿಕ್ಕಿದ್ದು ನಾಲ್ಕೇ ಜನ. ಅವರಲ್ಲಿ ಇಬ್ಬರದ್ದು ನಿಧಾನಕ್ಕೆ ಏರುತ್ತಲೇ ಹೋಗುವ ಬಗೆ. ಪ್ರೋಗ್ರೆಸಿವ್ ಅನ್ನುತ್ತಾರೆ. ಈ ಕಸುಬಿನಲ್ಲಿ ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಆ ಇಬ್ಬರ ಹತ್ತಿರವೇ.

ಒಬ್ಬರು ಕಾಫಿ ಬೆಳೆಗಾರರು. ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯುವುದು. ನಲವತ್ತೆರಡನೇ ವಯಸ್ಸಿಗೆ ಬಲಗಾಲು ಎಳೆಯಲು ಶುರುವಾಯಿತಂತೆ. ತೋಟದ ಇಳಿಜಾರಿನಲ್ಲಿ ಕಾಲಿನ ತುದಿ ಬೇರಿಗೆ ತಾಗಿ ಮುಗ್ಗರಿಸುವುದು. ಗಂಬೂಟಿನ ತಪ್ಪು ಅಂದುಕೊಂಡು ಎರಡು ಜೊತೆ ಬದಲಾಯಿಸಿದರು. ಒಂದು ಮದುವೆಯಲ್ಲಿ ತೂರಾಡಿದರು. ನಮ್ಮ ಕಡೆ ಮದುವೆ ಮನೆಯಲ್ಲಿ ರಾತ್ರಿ ಹೊತ್ತು ಒಬ್ಬ ಗಂಡಸು ತೂರಾಡಿದರೆ ಯಾರೂ ಕಾರಣ ಕೇಳುವುದಿಲ್ಲ, ಅಲ್ವಾ? ಆ ದಿನ ಅವರು ಒಂದು ತೊಟ್ಟೂ ಮುಟ್ಟಿರಲಿಲ್ಲ.

ಆಮೇಲೆ ಎಣ್ಣೆ ತಿಕ್ಕಿಸಿದ್ದಾಯಿತು. ಸೊಂಟದ ಸ್ಕ್ಯಾನ್ ಆಯಿತು. ಡಿಸ್ಕ್ ಉಬ್ಬಿದೆ ಅಂತ ಬಂತು. ಆ ವಯಸ್ಸಿನವರ ಸೊಂಟ ಸ್ಕ್ಯಾನ್ ಮಾಡಿದರೆ ಉಬ್ಬಿದ ಡಿಸ್ಕ್ ಸಿಗುವುದು ದೊಡ್ಡ ವಿಷಯವೇನಲ್ಲ. ಬೆನ್ನುಹುರಿ ಸೊಂಟದ ಕೆಳಗಿನವರೆಗೆ ಬರುವುದೇ ಇಲ್ಲ, ಅದಕ್ಕಿಂತ ಮೇಲೆಯೇ ಮುಗಿದುಹೋಗುತ್ತದೆ. ಇವರ ತೊಂದರೆ ಇದ್ದದ್ದು ಕುತ್ತಿಗೆಯ ಹತ್ತಿರದ ಹುರಿಯಲ್ಲಿ. ಮೂರು ವರ್ಷ ಸೊಂಟಕ್ಕೇ ಚಿಕಿತ್ಸೆ ನಡೆಯಿತು. ಕೊನೆಗೆ ಬೆಂಗಳೂರಿನ ನರರೋಗದ ಡಾಕ್ಟರೊಬ್ಬರು ಮೆದುಳು, ಕುತ್ತಿಗೆ ಎರಡನ್ನೂ ಸ್ಕ್ಯಾನ್ ಮಾಡಿಸಿ, ಬೆನ್ನಿನಿಂದ ನೀರು ತೆಗೆದು ನೋಡಿ, ಪ್ರೈಮರಿ ಪ್ರೋಗ್ರೆಸಿವ್ ಎಂಎಸ್ ಅಂದರು. ಎಂಎಸ್ ಬಂದ 100 ಜನರಲ್ಲಿ ಸುಮಾರು 85 ಮಂದಿಗೆ ಅದು ಅಟ್ಯಾಕ್ ಥರ ಬಂದು, ಸ್ವಲ್ಪ ವಾಸಿಯಾಗಿ, ಮತ್ತೆ ಬರುತ್ತದೆ. ಮೊದಲಿನಿಂದಲೇ ಸದ್ದಿಲ್ಲದೆ ಏರುವುದು 10ರಿಂದ 15 ಮಂದಿಗೆ. ಅದು ಸಾಮಾನ್ಯವಾಗಿ ನಲವತ್ತರ ಆಚೀಚೆ ಕಾಣಿಸಿಕೊಳ್ಳುತ್ತದೆ. ಬಂದು ಹೋಗುವ ಬಗೆ ಹೆಂಗಸರಲ್ಲೇ ಹೆಚ್ಚು, ಇದರಲ್ಲಿ ಮಾತ್ರ ಗಂಡಸರು ಹೆಂಗಸರು ಹೆಚ್ಚುಕಡಿಮೆ ಸಮ.

ಇನ್ನೊಬ್ಬರು ಶಾಲೆಯ ಟೀಚರ್. ಇಪ್ಪತ್ತಾರಕ್ಕೆ ಒಂದು ಕಣ್ಣು ಮಂಜಾಯಿತು, ಒಂದೂವರೆ ತಿಂಗಳಲ್ಲಿ ಸರಿಹೋಯಿತು. ಆಮೇಲೆ ಹತ್ತು ಹನ್ನೆರಡು ವರ್ಷ ಒಮ್ಮೆ ಕೈ ಜೋಮು, ಒಮ್ಮೆ ಕಾಲು ಸೋಲು, ಬಂದು ಹೋಗುತ್ತಿತ್ತು. ಆಮೇಲೆ ಅಟ್ಯಾಕ್ ಬರುವುದೇ ನಿಂತಿತು. ನಾನು ಮೊದಲ ಸಲ ಹೋದಾಗ ಖುಷಿಯಿಂದಲೇ ಹೇಳಿದ್ದರು. "ಮೂರು ವರ್ಷದಿಂದ ಸುಮ್ನೆ ಕೂತಿದೆ ಡಾಕ್ಟ್ರೇ." ನಾನೂ ಅದನ್ನೇ ಬರೆದುಕೊಂಡೆ. ಹೋಗುವಾಗ ಅವರ ಅತ್ತೆ ಗೇಟಿನವರೆಗೆ ಬಂದರು. "ಹಾಗಾದ್ರೆ ಇವಳು ಸಂತೆಗೆ ಹೋಗೋದು ಯಾಕೆ ಬಿಟ್ಟಳು?"

ಆ ಪ್ರಶ್ನೆ ನಾನು ಕೇಳಬೇಕಿತ್ತು. ಮುಂದಿನ ವಾರ ಕೂತು ಕೇಳಿದೆ. ಸಂತೆ ಬಿಟ್ಟಿದ್ದರು. ಮಹಡಿಯ ಕ್ಲಾಸನ್ನು ಬೇರೆಯವರಿಗೆ ಕೊಟ್ಟಿದ್ದರು. ನಿಂತು ಪಾಠ ಮಾಡುವುದು ಹೋಗಿ ಕುರ್ಚಿ ಬಂದಿತ್ತು. ಹುತ್ತರಿ ಹಬ್ಬಕ್ಕೆ ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಒಂದೊಂದಕ್ಕೂ ಒಂದೊಂದು ನೆಪವಿತ್ತು, ಎಲ್ಲವೂ ನಂಬುವಂಥವೇ. ರೋಗ ಸುಮ್ಮನೆ ಕೂತಿರಲಿಲ್ಲ. ಅವರೇ ಅದಕ್ಕೆ ಜಾಗ ಬಿಡುತ್ತಾ ಬಂದಿದ್ದರು. ಇದಕ್ಕೆ ಸೆಕೆಂಡರಿ ಪ್ರೋಗ್ರೆಸಿವ್ ಅನ್ನುತ್ತಾರೆ. ಅಟ್ಯಾಕ್ ನಿಂತ ಮೇಲೂ ನಡಿಗೆ ಕುಸಿಯುತ್ತಲೇ ಇರುತ್ತದೆ. ಅಂದಿನಿಂದ ನಾನು "ಹೇಗಿದ್ದೀರಿ" ಅಂತ ಕೇಳುವುದನ್ನು ಬಿಟ್ಟೆ. "ಹೋದ ಸಲ ಬಂದಾಗಿನಿಂದ ಏನೇನು ಬಿಟ್ಟಿರಿ" ಅಂತ ಕೇಳುತ್ತೇನೆ.

ಅಣ್ಣನ ಮನೆಯಲ್ಲಿ ಮಾಡಿದ ತಪ್ಪು ಬೇರೆಯದು. ಲಕ್ವದವರಿಗೆ ಮಾಡಿಸುವ ಹಾಗೆ, ಇನ್ನೂ ಹತ್ತು, ಇನ್ನೂ ಹತ್ತು ಅಂತ ಎಬ್ಬಿಸಿ ಕೂರಿಸಿದೆ. ಮಾರ್ಚ್ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಹೂಮಳೆ ಇನ್ನೂ ಬಂದಿರಲಿಲ್ಲ. ಅವರೂ ಹಟದ ಮನುಷ್ಯ, ಮಾಡಿದರು. ಮಾರನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಎಂಎಸ್‌ನ ಸುಸ್ತು ನಮ್ಮ ನಿಮ್ಮ ಆಯಾಸದ ಥರ ಅಲ್ಲ. ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುವುದಿಲ್ಲ. ವ್ಯಾಯಾಮ ಬೇಡ ಅಂತಲ್ಲ, ಖಂಡಿತ ಬೇಕು. ಆದರೆ ಈಗ ನಾನು ಬೆಳಿಗ್ಗೆ ಎಂಟಕ್ಕೇ ಹೋಗುತ್ತೇನೆ. ಐದು ನಿಮಿಷ ಮಾಡಿಸಿ ಮೂರು ನಿಮಿಷ ಕೂರಿಸುತ್ತೇನೆ. ಫ್ಯಾನ್ ಹಾಕಿ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತುತ್ತೇನೆ.

ಬಿಸಿಯ ವಿಷಯ ನನಗೆ ಸರಿಯಾಗಿ ಅರ್ಥವಾದದ್ದು ಬಚ್ಚಲುಮನೆಯಲ್ಲಿ. ಜುಲೈ-ಆಗಸ್ಟಿನ ಕಕ್ಕಡದ ಮಳೆ. ನಮ್ಮ ಮನೆಗಳಲ್ಲಿ ಆಗ ಹಂಡೆಯ ಒಲೆ ಆರುವುದೇ ಇಲ್ಲ. ಅಣ್ಣ ಸುಡುಸುಡು ನೀರು ಹುಯ್ದುಕೊಂಡು ಅರ್ಧ ಗಂಟೆ ಕೂತಿದ್ದಾರೆ. ಏಳಲು ಹೋದರೆ ಎರಡೂ ಕಾಲು ತಮ್ಮದಲ್ಲ ಅನ್ನುವ ಹಾಗೆ. ಕಣ್ಣೂ ಮಂಜು. ಅತ್ತಿಗೆ ಹೆದರಿ ಫೋನ್ ಮಾಡಿದರು. ನಾನು ತಲುಪುವಷ್ಟರಲ್ಲಿ ಮೈ ತಣ್ಣಗಾಗಿ, ವರಾಂಡದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು!

ನರದ ಮೇಲಿನ ಮೈಲಿನ್ ಎಂಬ ಹೊದಿಕೆ ಕಿತ್ತುಹೋದ ಕಡೆ, ಮೈ ಸ್ವಲ್ಪ ಬಿಸಿಯಾದರೂ ಸಂದೇಶ ಮುಂದೆ ಹೋಗುವುದಿಲ್ಲ. ತಣ್ಣಗಾದರೆ ಮತ್ತೆ ಹೋಗುತ್ತದೆ. 1890ರಲ್ಲಿ ಊತೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು, ಎಂಎಸ್ ಇರುವವರು ಮೈ ದಣಿಸಿದಾಗ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದನ್ನು ಬರೆದಿಟ್ಟಿದ್ದಾರೆ. ಎಂಆರ್‌ಐ ಇಲ್ಲದ ಕಾಲದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೇ ಎಂಎಸ್ ಇದೆಯೋ ಇಲ್ಲವೋ ನೋಡುತ್ತಿದ್ದರಂತೆ. ನಮ್ಮ ಹಂಡೆ ಪುಕ್ಕಟೆಯಾಗಿ ಆ ಪರೀಕ್ಷೆ ಮಾಡಿತ್ತು. ಇದರಿಂದ ನರಕ್ಕೆ ಹೊಸ ಏಟೇನೂ ಬೀಳುವುದಿಲ್ಲ. ಜಾರಿ ಬಿದ್ದರೆ ಮಾತ್ರ ಮೂಳೆಗೆ ಬೀಳುತ್ತದೆ. ಉಗುರು ಬೆಚ್ಚಗಿನ ನೀರು, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಜಿಐ ಪೈಪಿನ ಹಿಡಿಕೆ, ಇಷ್ಟು ಮಾಡಿಸಿದೆ. ಆದರೆ ಮಳೆಗಾಲದ ಥಂಡಿಗೆ ಕಾಲು ಸೆಟೆದುಕೊಳ್ಳುವುದೂ ಇದೆ. ಬಿಸಿ ಆದರೆ ಸೋಲು, ಥಂಡಿ ಆದರೆ ಬಿಗಿ. ಕೊಡಗಿನ ಹವೆಯಲ್ಲಿ ಎರಡರ ನಡುವೆ ಸಿಗುವುದು ಕೆಲವೇ ತಿಂಗಳು.

ಟೀಚರ್ ಸಂತೆ ಬಿಟ್ಟದ್ದಕ್ಕೆ ಕಾರಣ ಕಾಲು ಅಲ್ಲ ಅಂತ ತುಂಬಾ ತಡವಾಗಿ ತಿಳಿಯಿತು. ಮೂತ್ರದ ಅವಸರ. ಬಂತು ಅಂದರೆ ಎರಡು ನಿಮಿಷ ತಡೆಯಲಾಗದು. ಗಂಡಸು ಫಿಸಿಯೋ ಹತ್ತಿರ ಯಾರು ಹೇಳುತ್ತಾರೆ? ಕೊನೆಗೆ ನನ್ನ ಹೆಂಡತಿಯ ಹತ್ತಿರ ಹೇಳಿದರು. ಶಾಲೆಗೆ ಹೋಗುವ ದಿನ ನೀರೇ ಕುಡಿಯುತ್ತಿರಲಿಲ್ಲ. ಅದರಿಂದ ಸೋಂಕು, ಸೋಂಕಿನಿಂದ ಕಾಲು ಇನ್ನಷ್ಟು ಬಿಗಿ. ಎಂಎಸ್ ಇರುವವರಿಗೆ ಇದ್ದಕ್ಕಿದ್ದಂತೆ ಜಾಸ್ತಿ ಆಯಿತು ಅಂದರೆ ಈಗ ನಾನು ಮೊದಲು ಜ್ವರ ನೋಡುತ್ತೇನೆ, ಮೂತ್ರದ ಪರೀಕ್ಷೆ ಮಾಡಿಸಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ವ್ಯಾಯಾಮ ಆಮೇಲೆ.

ಊರುಗೋಲಿನ ವಿಷಯದಲ್ಲಿ ಮಾತ್ರ ನಾನು ಗೆದ್ದೆ. ಅಣ್ಣ ಸುತಾರಾಂ ಒಪ್ಪಿರಲಿಲ್ಲ. ಕೋಲು ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತದಂತೆ. ಹಾವಿಗೆ, ನಾಯಿಗೆ ಅಂತ ತೋಟದವರೆಲ್ಲ ಒಂದು ಕೋಲು ಹಿಡಿದೇ ಓಡಾಡುತ್ತಾರಲ್ಲ ಅಂದೆ. ಬೈನೆಯ ಕೋಲೊಂದನ್ನು ಎತ್ತರಕ್ಕೆ ಸರಿಯಾಗಿ ಕತ್ತರಿಸಿ ಬುಡಕ್ಕೆ ರಬ್ಬರ್ ಹಾಕಿಸಿದೆವು. ಈಗ ಯಾರಾದರೂ ಕೇಳಿದರೆ "ಹಾವು ಜಾಸ್ತಿ ಆಗಿದೆ ಮಾರಾಯಾ" ಅನ್ನುತ್ತಾರೆ.

ಔಷಧಿ ನನ್ನ ಕ್ಷೇತ್ರ ಅಲ್ಲ, ಆದರೆ ಕೇಳುವುದು ನನ್ನನ್ನೇ. ಪ್ರೈಮರಿ ಪ್ರೋಗ್ರೆಸಿವ್ ಬಗೆಗೆ ಅಂತ ಅಮೆರಿಕದಲ್ಲಿ ಮೊದಲ ಔಷಧಿ ಒಪ್ಪಿಗೆಯಾದದ್ದೇ 2017ರಲ್ಲಿ, ಒಕ್ರೆಲಿಜುಮಾಬ್. ಆರು ತಿಂಗಳಿಗೊಮ್ಮೆ ಡ್ರಿಪ್. ಇಳಿಯುವ ವೇಗ ಕಡಿಮೆ ಮಾಡಬಹುದು, ಹೋದದ್ದನ್ನು ತಂದುಕೊಡುವುದಿಲ್ಲ. ಇದನ್ನು ಹೇಳುವಾಗ ನಾನು ಇವತ್ತಿಗೂ ತಡವರಿಸುತ್ತೇನೆ. ಸರ್ಟಿಫಿಕೇಟಿನ ಮಾತು ಸುಲಭ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಎಂಎಸ್ ಹೆಸರು ಇದೆ. ಟೀಚರ್ ಮಾಡಿಸಿಕೊಂಡರು. ಅಣ್ಣ ಇನ್ನೂ ಮಾಡಿಸಿಲ್ಲ.

ಇಷ್ಟು ನಿಧಾನದ ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅಳೆಯುತ್ತೇನೆ. 25 ಅಡಿ, ಅಂದರೆ ಏಳೂವರೆ ಮೀಟರಿಗೆ ಸ್ವಲ್ಪ ಜಾಸ್ತಿ, ಎಷ್ಟು ಸೆಕೆಂಡಿನಲ್ಲಿ ನಡೆಯುತ್ತಾರೆ ಅಂತ. ಆರೋಗ್ಯವಂತರಿಗೆ ನಾಲ್ಕೈದು ಸೆಕೆಂಡು ಸಾಕು. ಎಂಎಸ್ ನೋಡುವವರು ಎಲ್ಲ ಕಡೆ ಬಳಸುವ ಪರೀಕ್ಷೆ ಇದು. ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಬಂದರೆ ನಿಜವಾದ ಬದಲಾವಣೆ ಅಂತ ಲೆಕ್ಕ. ಅಣ್ಣನ ಮನೆಯ ಕಾಫಿ ಕಣದಲ್ಲಿ ಸುಣ್ಣದಲ್ಲಿ ಎರಡು ಗೆರೆ ಎಳೆದೆ. ಮೂರು ತಿಂಗಳಿಗೊಮ್ಮೆ ನಡೆಸಿದೆ. ಮೊದಲ ಸಲ 8 ಸೆಕೆಂಡು. ವರ್ಷದ ಮೇಲೆ 10. ಮೂರನೇ ವರ್ಷ ಕೋಲು ಹಿಡಿದು 13. ಮೊದಮೊದಲು ನಾನು ಸಂಖ್ಯೆ ಹೇಳುತ್ತಿರಲಿಲ್ಲ. ಈಗ ಅವರೇ ಮೊಬೈಲಿನಲ್ಲಿ ಬರೆದಿಡುತ್ತಾರೆ.

ಈ ಜನವರಿಯಲ್ಲಿ ಹೋದಾಗ ಕುಯ್ಲು ಜೋರಾಗಿತ್ತು. ಕಣದ ತುಂಬಾ ಕಾಫಿ ಹರಡಿತ್ತು. ವರಾಂಡದಲ್ಲಿ ನಡೆಸೋಣ ಅಂದೆ. ಅಲ್ಲಿಯ ರೆಡ್ ಆಕ್ಸೈಡ್ ನೆಲ ಜಾರುತ್ತದೆ, ಹಳೆಯ ಲೆಕ್ಕಕ್ಕೆ ಹೋಲಿಸಲು ಬರುವುದಿಲ್ಲ ಅಂತ ಅಣ್ಣನೇ ಬೇಡ ಅಂದರು. ಇಬ್ಬರು ಆಳುಗಳನ್ನು ಕರೆದು ಗೆರೆಯಿಂದ ಗೆರೆಗೆ ಮೂರಡಿ ಅಗಲಕ್ಕೆ ಕಾಫಿ ಎಳೆಸಿದರು. ಈ ಸಲ ಏನು ಬಿಟ್ಟಿರಿ ಅಂತ ಕೇಳಿದೆ. ಜೀಪು, ಅಂದರು, ಮಗ ಓಡಿಸುತ್ತಾನೆ. ಆಮೇಲೆ ಕೋಲೂರಿ ನಡೆದರು. 15 ಸೆಕೆಂಡು. ಬರೆದುಕೊಂಡರು. ಆಳುಗಳು ಕಾಫಿಯನ್ನು ಮತ್ತೆ ಗೆರೆಯ ಮೇಲೆ ಎಳೆದು ಹರಡಿದರು.