ರೆಫರಲ್ ಚೀಟಿ ಬರೆದ ಮೇಲೆ

ರಾಯಚೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದಾಗ ನಾನು ತಡವಾಗಿ ಗಮನಿಸಿದ ಸಂಗತಿಯೆಂದರೆ, ನಮ್ಮ ರಿಜಿಸ್ಟರುಗಳಲ್ಲಿ ಬಂದವರ ಲೆಕ್ಕವಷ್ಟೇ ಇರುತ್ತದೆ. ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟವರಲ್ಲಿ ಯಾರು ಹೋಗಲೇ ಇಲ್ಲ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಂದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತವಾದ ಮೇಲೆ, ಹಣದ ತೊಡಕು ಬಹುಮಟ್ಟಿಗೆ ಮುಗಿಯಿತೆಂದೇ ನಾನೂ ನಂಬಿದ್ದೆ.

ಒಂದು ನೋಟ್‌ಬುಕ್ಕಿನಲ್ಲಿ ನಾನು ಕಳುಹಿಸಿದ ಪ್ರತಿಯೊಬ್ಬರ ಹೆಸರು ಬರೆದಿಟ್ಟು, ತಿಂಗಳ ನಂತರ ಆಶಾ ಕಾರ್ಯಕರ್ತೆಯೊಂದಿಗೆ ಅವರ ಮನೆಗೆ ಹೋಗಿ ವಿಚಾರಿಸತೊಡಗಿದೆ. ಆದಾಯವೆಷ್ಟು ಎಂದು ಕೇಳಿದರೆ ಎಲ್ಲರೂ ಆದಾಯ ಪ್ರಮಾಣಪತ್ರದಲ್ಲಿರುವ ಅಂಕಿಯನ್ನೇ ಹೇಳುತ್ತಿದ್ದರು. ಆದ್ದರಿಂದ ಆ ಪ್ರಶ್ನೆ ಬಿಟ್ಟು, ಹೊಲಕ್ಕೆ ನೀರಿದೆಯೇ, ಮನೆಯಿಂದ ಎಷ್ಟು ಜನ ಗುಳೆ ಹೋಗುತ್ತಾರೆ ಎಂದು ಕೇಳಿದೆ. ಕಾರ್ಡು ಎರಡೂ ಕಡೆ ಬಿಪಿಎಲ್ಲೇ ಆಗಿದ್ದರೂ, ನೀರಾವರಿ ಹೊಲವಿದ್ದವರು ವಾರದೊಳಗೆ ಆಸ್ಪತ್ರೆ ಸೇರಿದ್ದರೆ, ಗುಳೆ ಹೋಗುವ ಮನೆಗಳಲ್ಲಿ ಚೀಟಿ ಹಾಗೆಯೇ ಉಳಿದಿರುತ್ತಿತ್ತು.

ಗರ್ಭಕೋಶ ಜಾರಿದ್ದ ಕೂಲಿ ಹೆಂಗಸೊಬ್ಬರ ಮನೆಯಲ್ಲಿ, ನಾನು ಎಂಟು ತಿಂಗಳ ಹಿಂದೆ ಬರೆದ ಚೀಟಿ ಪಡಿತರ ಚೀಟಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಡಚಿ, ದೇವರ ಪಟದ ಹಿಂದೆ ಭದ್ರವಾಗಿತ್ತು. "ನನ್ನ ಸಂಗಾಟ ಮಗಳೂ ಬರಬೇಕಲ್ರೀ ಸಾಹೇಬ್ರ, ಎರಡು ಕೂಲಿ ಹೋಗ್ತಾವು. ಬಂದಮ್ಯಾಲೂ ಭಾರ ಎತ್ತಬ್ಯಾಡ ಅಂತೀರಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೆರಿಗೆಯಾದರೆ ಕರೆದೊಯ್ಯಲು 108, ಮರಳಿ ಮನೆಗೆ ಬಿಡಲು ನಗು-ಮಗು ವಾಹನ, ಜನನಿ ಸುರಕ್ಷಾ ಯೋಜನೆಯಡಿ ಬಿಪಿಎಲ್ ಗ್ರಾಮೀಣ ತಾಯಿಗೆ 700 ರೂಪಾಯಿ. ಆದರೆ ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆಗೆ ಹೋಗುವವರ ಬಸ್ ಚಾರ್ಜು, ಜೊತೆಗಿರುವವರ ಊಟ, ತಪ್ಪಿದ ಕೂಲಿ, ಎಲ್ಲವೂ ಅವರ ತಲೆಯ ಮೇಲೆಯೇ.

ಕೂಲಿ ತುಂಬಿಕೊಡುವ ಅಧಿಕಾರ ನನಗಿರಲಿಲ್ಲ, ಓಡಾಟ ಕಡಿಮೆ ಮಾಡುವುದು ಮಾತ್ರ ನನ್ನ ಕೈಯಲ್ಲಿತ್ತು. ರಕ್ತಪರೀಕ್ಷೆಗಳಲ್ಲಿ ನಮ್ಮಲ್ಲೇ ಆಗುವಂಥವನ್ನು ಮುಗಿಸಿ, ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರು ಹೊಂದುತ್ತದೆಯೇ ಎಂದು ನೋಡಿ, ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಸಿಬ್ಬಂದಿಯಾದ ಆರೋಗ್ಯ ಮಿತ್ರರಿಗೆ ಫೋನ್ ಮಾಡಿ, ತಜ್ಞರು ಇರುವ ದಿನ ಖಚಿತವಾದ ಮೇಲೆಯೇ ಕಳುಹಿಸತೊಡಗಿದೆ. ಮೊದಲೆಲ್ಲ ಮೂರು ಸಲ ಅಲೆದು ಸೋತು ಬರುತ್ತಿದ್ದವರು ಒಂದೇ ಸಲಕ್ಕೆ ದಾಖಲಾಗುವುದು ಹೆಚ್ಚಾಯಿತು. ಕಾಯಬಹುದಾದ ಶಸ್ತ್ರಚಿಕಿತ್ಸೆಗಳನ್ನು ಹತ್ತಿ ಬಿಡಿಸುವ ತಿಂಗಳುಗಳಿಂದ ಆಚೆಗೆ ಹಾಕಿಸಿದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ವೈದ್ಯನಾಗಿ ನನಗೆ ಮೊದಲೇ ಹೊಳೆಯಬೇಕಿದ್ದ ಮಾತಿದು.

ಅಣ್ಣತಮ್ಮಂದಿರು ಬೇರೆಯಾಗಿ ಹೊಸ ಪಡಿತರ ಚೀಟಿಗೆ ಕಾದಿದ್ದ ಕುಟುಂಬಗಳಿಗೆ ಇದರಿಂದ ಹೆಚ್ಚೇನೂ ಆಗಲಿಲ್ಲ. ಬಿಪಿಎಲ್ ಕಾರ್ಡಿಲ್ಲದವರಿಗೆ ಯೋಜನೆ ಭರಿಸುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತದ, ಶೇ. 30 ಮಾತ್ರ, ಉಳಿದದ್ದಕ್ಕೆ ಅವರು ಬಡ್ಡಿಯ ಸಾಲಕ್ಕೆ ಹೋಗುವುದನ್ನು ನೋಡುತ್ತಲೇ ಇದ್ದೆ.

ಆ ಹೆಂಗಸಿನ ಶಸ್ತ್ರಚಿಕಿತ್ಸೆ ಬೇಸಿಗೆಯಲ್ಲಿ, ಹೊಲದಲ್ಲಿ ಕೆಲಸವಿಲ್ಲದಾಗ ಆಯಿತು. ಆರು ವಾರ ಭಾರ ಎತ್ತಬೇಡಿ ಎಂದು ಹೇಳಿದ್ದೆವು. ನಾಲ್ಕನೆಯ ವಾರ ಆಶಾ ಕಾರ್ಯಕರ್ತೆ ಹೋದಾಗ ಅವರು ನೀರಿನ ಕೊಡ ಹೊತ್ತು ಬರುತ್ತಿದ್ದರಂತೆ.